ಪಾರಿವಾಳದ ಕುಲಮೂಲ: ಬೆಲ್ಜಿಯಂ ಮನೆತನಗಳ ಹೆಸರಿನ ಹಿಂದಿನ ನೆತ್ತರಿನ ಲೆಕ್ಕ

ಮುಂಬಯಿ, ಪುಣೆಯಂತಹ ಮಹಾನಗರಗಳ ಕಟ್ಟಡಗಳಲ್ಲಿ ವಾಸಿಸುವ ನಮ್ಮವರಿಗೆ ಪಾರಿವಾಳವೆಂದರೆ ಬಾಲ್ಕನಿಗೆ ಬಲೆ ಕಟ್ಟಿಸುವ ಖರ್ಚು, ಎ.ಸಿ. ಪೆಟ್ಟಿಗೆಯ ಮೇಲಿನ ಹಿಕ್ಕೆ, ಬೆಳಗಿನ ನಿದ್ದೆ ಕೆಡಿಸುವ ಸದ್ದು. ಆದರೆ ಅದೇ ಜಾತಿಗೆ ಸೇರಿದ ಒಂದು ಹೆಣ್ಣು ಪಾರಿವಾಳ 2020ರ ನವೆಂಬರ್ ತಿಂಗಳಲ್ಲಿ ಬೆಲ್ಜಿಯಂನ ಆನ್‌ಲೈನ್ ಹರಾಜೊಂದರಲ್ಲಿ 16 ಲಕ್ಷ ಯುರೋ ಬೆಲೆಗೆ ಮಾರಾಟವಾಯಿತು. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 14 ಕೋಟಿ ರೂಪಾಯಿ. ಹರಾಜು ಆರಂಭವಾದದ್ದು ಕೇವಲ 200 ಯುರೋದಿಂದ. ಹೆಸರು ಮರೆಮಾಚಿಕೊಂಡ ಇಬ್ಬರು ಚೀನೀ ಗಿರಾಕಿಗಳು ಪೈಪೋಟಿಗೆ ಬಿದ್ದು ಬೆಲೆಯನ್ನು ಅಲ್ಲಿಗೆ ಮುಟ್ಟಿಸಿದರು. ಆ ಪಾರಿವಾಳದ ಹೆಸರು 'ನ್ಯೂ ಕಿಮ್'. ಬೆಲ್ಜಿಯಂನ ಆಂಟ್‌ವರ್ಪ್ ಪ್ರಾಂತ್ಯದ ಬೆರ್ಲಾರ್ ಎಂಬ ಸಣ್ಣ ಊರಿನ ವಾನ್ ಡೆ ವಾವರ್ ಕುಟುಂಬದ ಗೂಡಿನದು.

ಇದು ಒಂದು ದಿನದ ಹುಚ್ಚಲ್ಲ. 2013ರಲ್ಲಿ ವೊರ್ಸೆಲಾರ್ ಎಂಬ ಊರಿನ ಲಿಯೋ ಹೆರೆಮಾನ್ಸ್ ಅವರ 'ಬೋಲ್ಟ್' ಎಂಬ ಪಾರಿವಾಳ 3,10,000 ಯುರೋಗೆ ಮಾರಾಟವಾದಾಗಲೇ ಜಗತ್ತು ಬೆರಗಾಗಿತ್ತು. ಓಟಗಾರ ಉಸೇನ್ ಬೋಲ್ಟ್ ಅವರ ಹೆಸರನ್ನೇ ಅದಕ್ಕೆ ಇಡಲಾಗಿತ್ತು. 2019ರ ಮಾರ್ಚ್ ತಿಂಗಳಲ್ಲಿ ಇಂಗೆಲ್‌ಮುನ್‌ಸ್ಟರ್ ಊರಿನ ಯೋಲ್ ವೆರ್‌ಸ್ಖೋಟ್ ಅವರ 'ಅರ್ಮಾಂಡೋ' 12,52,000 ಯುರೋ ತಂದಿತು. ಮರು ವರ್ಷವೇ ನ್ಯೂ ಕಿಮ್ ಆ ದಾಖಲೆಯನ್ನೂ ಮುರಿಯಿತು.

ಓಡದ ಕುದುರೆಗೆ ಕೋಟಿ ಬೆಲೆ

ಇಷ್ಟು ಹಣ ಕೊಟ್ಟು ಕೊಂಡ ಪಾರಿವಾಳವನ್ನು ಕೊಂಡವರು ಸ್ಪರ್ಧೆಗೆ ಬಿಡುವುದಿಲ್ಲ ಎನ್ನುವುದು ಇಲ್ಲಿ ಗಮನಿಸಬೇಕಾದ ಅಂಶ. ಬಿಡುವಂತೆಯೂ ಇಲ್ಲ. ರೇಸಿಂಗ್ ಪಾರಿವಾಳದ ಇಡೀ ಗುಣವೇ ತನ್ನ ಗೂಡಿಗೆ ಮರಳುವುದು. ಬೆಲ್ಜಿಯಂನ ಗೂಡಿಗೆ ಹಾರಿ ಪಳಗಿದ ಹಕ್ಕಿಯನ್ನು ಬೀಜಿಂಗಿನಲ್ಲಿ ಬಿಟ್ಟರೆ ಅದು ಹೊಸ ಯಜಮಾನನ ಮನೆ ಹುಡುಕುವುದಿಲ್ಲ. ಹಳೆಯ ಮನೆಯ ದಿಕ್ಕು ಹಿಡಿಯಲು ನೋಡುತ್ತದೆ. ಆದ್ದರಿಂದ ಕೊಂಡವರು ಅದನ್ನು ಜೀವಮಾನವಿಡೀ ಪಂಜರದಲ್ಲೇ ಇಟ್ಟು ಮರಿ ಮಾಡಿಸುತ್ತಾರೆ. ಆ ಮರಿಗಳು ಹೊಸ ನೆಲದಲ್ಲಿ ಕಣ್ಣು ಬಿಟ್ಟು ಆ ಗೂಡನ್ನೇ ತಮ್ಮ ಮನೆ ಎಂದು ತಿಳಿದು ಹಾರುತ್ತವೆ.

ಅಂದರೆ ಕೋಟಿಗಟ್ಟಲೆ ಹಣ ಸಲ್ಲುವುದು ಹಕ್ಕಿಯ ರೆಕ್ಕೆಗಲ್ಲ, ಅದರ ನೆತ್ತರಿಗೆ. ನೆತ್ತರಿಗೆ ಸಾಕ್ಷಿ ಎಂದರೆ ಹಕ್ಕಿಯ ಜೊತೆ ಬರುವ ಒಂದು ಹಾಳೆ. ಅದೇ ವಂಶಾವಳಿ ಪತ್ರ. 'ನದೀಮೂಲ, ಋಷಿಮೂಲ ಹುಡುಕಬಾರದು' ಎಂದು ನಮ್ಮ ಹಿರಿಯರು ಹೇಳಿದ್ದರೂ ಪಾರಿವಾಳದ ಮೂಲ ಹುಡುಕದೆ ಈ ವ್ಯವಹಾರ ನಡೆಯುವುದೇ ಇಲ್ಲ. ಹಾಗಾದರೆ ಆ ಹಾಳೆಯಲ್ಲಿರುವ ಹೆಸರುಗಳಿಗೆ ನಿಜವಾದ ಬೆಲೆ ಎಷ್ಟು? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಸ್ವಲ್ಪ ಇತಿಹಾಸ ಮತ್ತು ಅದಕ್ಕಿಂತ ಸ್ವಲ್ಪ ಹೆಚ್ಚು ಲೆಕ್ಕ ಬೇಕಾಗುತ್ತದೆ.

ಬೆರಕೆಯಿಂದಲೇ ಹುಟ್ಟಿದ ತಳಿ

ಪಾರಿವಾಳದ ಓಟಕ್ಕೆ ಬೆಲ್ಜಿಯಂ ತವರುಮನೆ. 160 ಕಿಲೋಮೀಟರಿಗಿಂತ ಹೆಚ್ಚು ದೂರದ ಮೊದಲ ಸ್ಪರ್ಧೆ ಅಲ್ಲಿ ನಡೆದದ್ದು 1818ರಲ್ಲಿ. 1820ರಲ್ಲಿ ಪ್ಯಾರಿಸ್ಸಿನಿಂದ ಲಿಯೇಜ್ ನಗರಕ್ಕೆ, 1823ರಲ್ಲಿ ಲಂಡನ್ನಿನಿಂದ ಬೆಲ್ಜಿಯಂಗೆ ಪಾರಿವಾಳಗಳನ್ನು ಹಾರಿಸಲಾಯಿತು. 1850ರಲ್ಲಿ ಜೂಲಿಯಸ್ ರಾಯ್ಟರ್ ಅವರು ಜರ್ಮನಿಯ ಆಹೆನ್ ಮತ್ತು ಬ್ರಸೆಲ್ಸ್ ನಡುವೆ ತಂತಿ ಮಾರ್ಗವಿಲ್ಲದ ಜಾಗದಲ್ಲಿ ಷೇರು ಪೇಟೆಯ ಧಾರಣೆಯನ್ನು ಪಾರಿವಾಳಗಳ ಮೂಲಕ ಕಳುಹಿಸಿದರು. ಇಂದು ರಾಯಿಟರ್ಸ್ ಎಂದು ನಾವು ಓದುವ ಸುದ್ದಿಸಂಸ್ಥೆಯ ಆರಂಭಕ್ಕೆ ಆ ಹಕ್ಕಿಗಳ ಋಣವೂ ಇದೆ. 1881ರಲ್ಲಿ ಫ್ರಾನ್ಸಿನ ಟುಲೂಸ್‌ನಿಂದ ಬ್ರಸೆಲ್ಸ್‌ಗೆ ಸುಮಾರು 750 ಕಿಲೋಮೀಟರ್ ದೂರದ ವಾರ್ಷಿಕ ಸ್ಪರ್ಧೆ ಆರಂಭವಾಯಿತು.

ಈ ಹಕ್ಕಿಗಳು ಆಕಾಶದಿಂದ ಇಳಿದ ಶುದ್ಧ ತಳಿಯಲ್ಲ. ಲಿಯೇಜ್ ಕಡೆಯ ಮೈ ಸಣ್ಣದಾದ, ಚುರುಕಿನ ಪಾರಿವಾಳ. ವಜ್ರದ ವ್ಯಾಪಾರಕ್ಕೆ ಹೆಸರಾದ ಆಂಟ್‌ವರ್ಪ್ ಕಡೆಯ ದೊಡ್ಡ ಮೈಕಟ್ಟಿನ ಪಾರಿವಾಳ. ಸ್ಮರ್ಲ್, ಕ್ಯುಮುಲೆ ಎಂಬ ಹಳೆಯ ತಳಿಗಳು. ಇಂಗ್ಲೆಂಡಿನ ಕ್ಯಾರಿಯರ್ ಮತ್ತು ಡ್ರಾಗೂನ್. ಇವುಗಳನ್ನೆಲ್ಲ 19ನೇ ಶತಮಾನದಲ್ಲಿ ಬೆರೆಸುತ್ತಾ, ಗೂಡಿಗೆ ಬೇಗ ಮರಳಿದ್ದನ್ನು ಉಳಿಸಿಕೊಳ್ಳುತ್ತಾ, ಮರಳದಿದ್ದುದನ್ನು ಮರೆಯುತ್ತಾ ಇಂದಿನ ರೇಸಿಂಗ್ ಹೋಮರ್ ರೂಪುಗೊಂಡಿತು. ಎಲ್ಲ ಸಾಕು ಪಾರಿವಾಳಗಳ ಮೂಲವೂ ಒಂದೇ ಬಂಡೆ ಪಾರಿವಾಳ ಎಂದು ಚಾರ್ಲ್ಸ್ ಡಾರ್ವಿನ್ 1859ರ ತಮ್ಮ ಪ್ರಸಿದ್ಧ ಗ್ರಂಥದಲ್ಲೇ ವಾದಿಸಿದ್ದರು. ಅದಕ್ಕಾಗಿ ಸ್ವತಃ ಪಾರಿವಾಳ ಸಾಕಿ, ಲಂಡನ್ನಿನ ಪಾರಿವಾಳ ಸಂಘಗಳ ಸದಸ್ಯರೂ ಆಗಿದ್ದರು. ಪಾರಿವಾಳದ ಜೀನ್‌ಗಳ ಸಂಪೂರ್ಣ ನಕ್ಷೆ 2013ರಲ್ಲಿ ಪ್ರಕಟವಾದಾಗ ಅವರ ಮಾತಿಗೆ ಪುಷ್ಟಿ ದೊರೆಯಿತು. ನಮ್ಮ ಬಾಲ್ಕನಿಯ ಹಕ್ಕಿಯೂ ಹದಿನಾಲ್ಕು ಕೋಟಿಯ ಹಕ್ಕಿಯೂ ದೂರದ ದಾಯಾದಿಗಳೇ.

ಮನೆತನದ ಹೆಸರು ಯಾರದು?

'ಇದು ಯಾನ್ಸನ್ ಪಾರಿವಾಳ', 'ಇದು ಫಾಬ್ರಿ', 'ಇದು ಸ್ಟಿಖೆಲ್‌ಬೌಟ್' ಎಂದು ಪಾರಿವಾಳ ಪ್ರಿಯರು ಹೇಳುವುದುಂಟು. ಇವು ಹಕ್ಕಿಗಳ ಜಾತಿಯ ಹೆಸರಲ್ಲ, ಸಾಕಿದ ಮನುಷ್ಯರ ಹೆಸರು. ಒಂದೇ ಗೂಡಿನಲ್ಲಿ ಹಲವು ದಶಕ ಒಂದೇ ಕುಟುಂಬದ ಕೈಯಲ್ಲಿ ಆಯ್ದು ಬೆಳೆಸಿದ ಹಕ್ಕಿಗಳಿಗೆ ಯಜಮಾನನ ಹೆಸರು ಅಂಟಿಕೊಳ್ಳುತ್ತದೆ. ಆ ಹಕ್ಕಿಗಳು ಬೇರೆಯವರಿಗೆ ಮಾರಾಟವಾದರೂ ಹೆಸರು ಜೊತೆಗೇ ಹೋಗುತ್ತದೆ. ನಮ್ಮೂರಿನಲ್ಲಿ ಮನೆ ಕೈ ಬದಲಾಯಿಸಿದರೂ ಗುತ್ತಿನ ಹೆಸರು ಉಳಿಯುವಂತೆ ಇದೂ ಒಂದು.

ಇಂತಹ ಮನೆತನಗಳಲ್ಲಿ ಆಂಟ್‌ವರ್ಪ್ ಪ್ರಾಂತ್ಯದ ಆರೆಂಡೋಂಕ್ ಊರಿನ ಯಾನ್ಸನ್ ಸಹೋದರರಷ್ಟು ಹೆಸರು ಮಾಡಿದವರು ವಿರಳ. ತಂದೆ ಹೆಂಡ್ರಿಕ್ ಯಾನ್ಸನ್ 19ನೇ ಶತಮಾನದ ಕೊನೆಯಲ್ಲೇ ಪಾರಿವಾಳ ಸಾಕಿದವರು. ಊರಿನವರ ಬಾಯಲ್ಲಿ ಅವರು 'ಡ್ರೀಕ್'. ಅವರ ಮಕ್ಕಳಲ್ಲಿ ಕೆಲವರು ಮದುವೆಯಾಗದೆ ಅದೇ ಮನೆಯಲ್ಲಿ ಒಟ್ಟಿಗೆ ಉಳಿದು, ಹೆಂಚಿನ ಮಾಡಿನ ಅಡಿಯ ಗೂಡುಗಳಲ್ಲಿ ಅದೇ ಹಕ್ಕಿಗಳನ್ನು ಮುಂದುವರಿಸಿದರು. ಜಗತ್ತಿನ ಮೂಲೆ ಮೂಲೆಗಳಿಂದ ಜನ ಆ ಸಾದಾ ಮನೆಯ ಬಾಗಿಲು ತಟ್ಟಿದರು. ಆದರೂ ಅವರ ಜೀವನ ಕ್ರಮದಲ್ಲಿ ಆಡಂಬರ ಸೇರಲಿಲ್ಲ. ಸಹೋದರರಲ್ಲಿ ಒಬ್ಬರಾದ ಲೂಯಿ ಶತಾಯುಷಿಗಳಾಗಿ ಬಾಳಿದರು.

ಅವರು ಹಕ್ಕಿಗಳಿಗೆ ಇಟ್ಟ ಹೆಸರುಗಳೇ ಒಂದು ಸಣ್ಣ ದಾಖಲೆ ಪುಸ್ತಕ. 'ಬಾಂಗೆ, 51' ಎಂದರೆ 1951ರಲ್ಲಿ ಹುಟ್ಟಿದ ಅಂಜುಬುರುಕ ಹಕ್ಕಿ. 'ವೊಂಡರ್‌ವೊಸ್ಕೆ, 45' ಎಂದರೆ 1945ರ ಅದ್ಭುತ ಕೆಂಬಣ್ಣದ ಹಕ್ಕಿ. 'ಔಡೆ ಮೆರ್ಕ್ಸ್, 67' ಎಂದರೆ 1967ರ ಹಿರಿಯ ಮೆರ್ಕ್ಸ್. ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ಐದು ಬಾರಿ ಗೆದ್ದ ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ ಅವರ ಹೆಸರು ಅದು. ಹೆಸರಿನ ಜೊತೆ ಹುಟ್ಟಿದ ವರ್ಷ ಸೇರಿಸುವುದರಿಂದ ಒಂದೇ ಹೆಸರಿನ ತಂದೆ-ಮಗನ ನಡುವೆ ಗೊಂದಲವಾಗುವುದಿಲ್ಲ.

ಇದೇ ಗೂಡಿನಲ್ಲಿ 'ಹಾಲ್ವೆ ಫಾಬ್ರಿ' ಎಂಬ ಇನ್ನೊಂದು ಹೆಸರೂ ಇದೆ. ಅದರ ಅರ್ಥ 'ಅರ್ಧ ಫಾಬ್ರಿ'. ಲಿಯೇಜ್ ಕಡೆಯ ಫಾಬ್ರಿ ಮನೆತನದ ನೆತ್ತರು ಅರ್ಧದಷ್ಟಿದ್ದ ಆ ಹಕ್ಕಿಯನ್ನು ಯಾನ್ಸನ್ ಸಹೋದರರು 1950ರ ದಶಕದಲ್ಲಿ ತಮ್ಮ ಹಕ್ಕಿಗಳಿಗೆ ಬೆರೆಸಿದರು. ಜಗತ್ತು 'ಅಪ್ಪಟ ಯಾನ್ಸನ್' ಎಂದು ಕೊಂಡಾಡುವ ವಂಶದೊಳಗೂ ಹೊರಗಿನ ಸೊಸೆ-ಅಳಿಯಂದಿರು ಬಂದಿದ್ದಾರೆ. ಅದನ್ನು ಆ ಸಹೋದರರು ಬಚ್ಚಿಡಲಿಲ್ಲ. ಹಕ್ಕಿಯ ಹೆಸರಿನಲ್ಲೇ ಬರೆದಿಟ್ಟರು. ವಂಶಾವಳಿ ಓದುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಕಾಲಿನ ಉಂಗುರ, ಕೈಯ ಪುಸ್ತಕ

ಹಕ್ಕಿಯ ಗುರುತು ಅದರ ಕಾಲಿನ ಉಂಗುರದಿಂದ ಶುರುವಾಗುತ್ತದೆ. ಪಾರಿವಾಳ ಒಮ್ಮೆಗೆ ಎರಡು ಮೊಟ್ಟೆ ಇಟ್ಟು ಸುಮಾರು 18 ದಿನ ಕಾವು ಕೊಡುತ್ತದೆ. ಮರಿಗೆ ಒಂದು ವಾರದ ಸುಮಾರಿಗೆ ದೇಶದ ಹೆಸರಿನ ಅಕ್ಷರ, ವರ್ಷ ಮತ್ತು ಸಂಖ್ಯೆ ಇರುವ ಜೋಡಣೆಯಿಲ್ಲದ ಉಂಗುರವನ್ನು ಕಾಲಿಗೆ ತೊಡಿಸುತ್ತಾರೆ. ಪಾದ ಬೆಳೆದ ಮೇಲೆ ಅದು ಕಳಚಲು ಬಾರದು, ಬೇರೆ ಹಕ್ಕಿಗೆ ತೊಡಿಸಲೂ ಬಾರದು. ಬೆಲ್ಜಿಯಂನಲ್ಲಿ ಈ ಉಂಗುರಗಳನ್ನು ಮತ್ತು ಅದರ ಜೊತೆಯ ಒಡೆತನದ ಕಾರ್ಡನ್ನು ಕೊಡುವುದು 1910ರಲ್ಲಿ ಸ್ಥಾಪನೆಯಾದ ಅಲ್ಲಿನ ಪಾರಿವಾಳ ಪ್ರಿಯರ ರಾಷ್ಟ್ರೀಯ ಒಕ್ಕೂಟ.

ಆದರೆ ಉಂಗುರ ಹೇಳುವುದು 'ಈ ಹಕ್ಕಿ ಯಾವುದು' ಎಂಬುದನ್ನು ಮಾತ್ರ. 'ಇದರ ತಂದೆ ಯಾರು' ಎಂಬುದನ್ನು ಹೇಳುವುದು ಸಾಕಿದವನ ಕೈಬರಹದ ಪುಸ್ತಕ. ಅಲ್ಲಿ ತಪ್ಪಿಗೆ ಅವಕಾಶ ಬಹಳ. ಬೆಲೆಬಾಳುವ ಜೋಡಿ ಬೇಗ ಇನ್ನೊಮ್ಮೆ ಮೊಟ್ಟೆ ಇಡಲಿ ಎಂದು ಅದರ ಮೊಟ್ಟೆಗಳನ್ನು ಬೇರೆ ಜೋಡಿಯ ಕೆಳಗೆ ಇಟ್ಟು ಕಾವು ಕೊಡಿಸುವ ರೂಢಿಯಿದೆ. ಗೂಡಿನಲ್ಲಿ ಮರಿ ಸಾಕುತ್ತಿರುವವರು ಹೆತ್ತವರೇ ಆಗಿರಬೇಕಿಲ್ಲ. ಪಾರಿವಾಳ ಜೋಡಿ ಬಿಡದ ಹಕ್ಕಿ ಎಂಬ ಖ್ಯಾತಿ ಇದ್ದರೂ ತುಂಬಿದ ಗೂಡಿನಲ್ಲಿ ಪಕ್ಕದ ಗಂಡು ಹಕ್ಕಿಯ ಸಂಗವಾಗುವುದೂ ಇದೆ. ಹೀಗಾಗಿ ಯಜಮಾನ ಎಷ್ಟೇ ಪ್ರಾಮಾಣಿಕನಾಗಿದ್ದರೂ ಪುಸ್ತಕದ ಒಂದು ಸಾಲು ತಪ್ಪಿರಬಹುದು. ಅಪ್ರಾಮಾಣಿಕನಾಗಿದ್ದರೆ ಹೇಳುವುದೇ ಬೇಡ.

ಇದಕ್ಕೆ ಯುದ್ಧಗಳೂ ಸೇರಿದವು. ಎರಡು ಮಹಾಯುದ್ಧಗಳಲ್ಲೂ ಬೆಲ್ಜಿಯಂ ಜರ್ಮನ್ ಸೇನೆಯ ವಶವಾಗಿತ್ತು. ಸಂದೇಶ ಒಯ್ಯಬಲ್ಲ ಪಾರಿವಾಳದ ಮೇಲೆ ಸೈನ್ಯಕ್ಕೆ ಸಹಜವಾಗಿಯೇ ಸಂಶಯ. ಅನೇಕ ಗೂಡುಗಳು ಬರಿದಾದವು, ಹಕ್ಕಿಗಳ ಜೊತೆ ಪುಸ್ತಕಗಳೂ ಹೋದವು. ಯುದ್ಧದಲ್ಲಿ ಸೇವೆ ಸಲ್ಲಿಸಿದ ಪಾರಿವಾಳಗಳಿಗಾಗಿ ಬ್ರಸೆಲ್ಸ್ ನಗರದಲ್ಲಿ 1931ರಲ್ಲಿ ಒಂದು ಸ್ಮಾರಕವನ್ನೇ ನಿರ್ಮಿಸಲಾಗಿದೆ. ಹಳೆಯ ಮನೆತನಗಳ ವಂಶಾವಳಿಯಲ್ಲಿ ಕೆಲವು ಕೊಂಡಿಗಳು ಸಿಗದಿದ್ದರೆ ಅದು ಯಾವಾಗಲೂ ಸಾಕಿದವನ ಅಲಕ್ಷ್ಯವಲ್ಲ.

ನೆತ್ತರಿನ ಬಡ್ಡಿ ಲೆಕ್ಕ

ವಂಶಾವಳಿಯ ಲೆಕ್ಕ ಸರಳ. ಪ್ರತಿ ಮರಿಗೂ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ. ಅಜ್ಜನಿಂದ ಸರಾಸರಿ ನಾಲ್ಕನೇ ಒಂದು ಪಾಲು, ಅಂದರೆ ಶೇ. 25. ಮುತ್ತಜ್ಜನಿಂದ ಶೇ. 12.5. ಐದನೇ ತಲೆಮಾರಿನಲ್ಲಿ 32 ಹಿರಿಯರಿದ್ದು ಒಬ್ಬೊಬ್ಬರ ಪಾಲು ಶೇ. 3ರ ಸುಮಾರಿಗೆ ಇಳಿಯುತ್ತದೆ. ಹತ್ತನೇ ತಲೆಮಾರಿಗೆ ಹೋದರೆ 1,024 ಹಿರಿಯರ ಸ್ಥಾನಗಳು. ಒಬ್ಬನ ಪಾಲು ಸಾವಿರಕ್ಕೆ ಒಂದು.

ಈಗ 1967ರ ಮೆರ್ಕ್ಸ್ ಹಕ್ಕಿಯನ್ನು ತೆಗೆದುಕೊಳ್ಳಿ. ಪಾರಿವಾಳ ಹುಟ್ಟಿದ ಮರು ವರ್ಷವೇ ಮರಿ ಮಾಡಬಲ್ಲದು. ಐದು ದಶಕಗಳಲ್ಲಿ ಹತ್ತು, ಹದಿನೈದು ತಲೆಮಾರು ಸುಲಭವಾಗಿ ದಾಟುತ್ತವೆ. ಇಂದಿನ ಹಕ್ಕಿಯೊಂದರ ಹಾಳೆಯ ಮೂಲೆಯಲ್ಲಿ ಒಮ್ಮೆ ಆ ಹೆಸರಿದ್ದ ಮಾತ್ರಕ್ಕೆ ಅದರ ಮೈಯಲ್ಲಿ ಆ ನೆತ್ತರು ಉಳಿದಿರುವುದು ಹನಿಯಷ್ಟೂ ಅಲ್ಲ. ಆದರೂ ಮಾರುವವರು ದೊಡ್ಡ ಅಕ್ಷರದಲ್ಲಿ ಬರೆಯುವುದು ಅದೇ ಹೆಸರನ್ನು. ಕೊಳ್ಳುವವರು ಹಣ ಕೊಡುವುದೂ ಅದೇ ಹೆಸರಿಗೆ.

ಇದಕ್ಕೆ ಒಂದು ವಿನಾಯಿತಿ ಇದೆ. ಒಬ್ಬನೇ ಹಿರಿಯ ಎರಡು ಕಡೆಯಿಂದ ಬಂದರೆ ಪಾಲು ಕೂಡುತ್ತದೆ. ತಾಯಿಯ ಕಡೆ ಅಜ್ಜನಾಗಿ ಶೇ. 25, ತಂದೆಯ ಕಡೆ ಮುತ್ತಜ್ಜನಾಗಿ ಶೇ. 12.5 ಸೇರಿದರೆ ಶೇ. 37.5 ಆಯಿತು. ಬೆಲ್ಜಿಯಂನ ನುರಿತ ಸಾಕಣೆದಾರರು ಶ್ರೇಷ್ಠ ಹಕ್ಕಿಯ ಮಕ್ಕಳು-ಮೊಮ್ಮಕ್ಕಳನ್ನು ಹೀಗೆ ಮತ್ತೆ ಮತ್ತೆ ಜೋಡಿಸಿ ಅದರ ಪಾಲನ್ನು ಕರಗದಂತೆ ಹಿಡಿದಿಡುತ್ತಾರೆ. ಇದು ಮಿತಿ ಮೀರಿದರೆ ಅಪಾಯ. ಮೊಟ್ಟೆ ಒಡೆಯುವುದಿಲ್ಲ, ಮರಿ ಸೊರಗುತ್ತದೆ, ರೋಗಕ್ಕೆ ಬೇಗ ತುತ್ತಾಗುತ್ತದೆ. ಆಗ ಹೊರಗಿನ ನೆತ್ತರು ತರಲೇಬೇಕು. ಅರ್ಧ ಫಾಬ್ರಿಯಂತಹ ಹಕ್ಕಿಗಳ ಬೆಲೆ ಅಲ್ಲಿದೆ.

ಡಿ.ಎನ್.ಎ. ಹೇಳುವ ಸಾಕ್ಷಿ

ಈಗ ಪುಸ್ತಕದ ಮಾತನ್ನು ಪರೀಕ್ಷಿಸಲು ಡಿ.ಎನ್.ಎ. ಇದೆ. ಕಿತ್ತ ಗರಿಯ ಬುಡದಿಂದ ಮಾದರಿ ತೆಗೆದು, ತಂದೆ-ತಾಯಿಯ ಮಾದರಿಯ ಜೊತೆ ಹೋಲಿಸಿದರೆ ಹೇಳಿದ ಸಂಬಂಧ ಹೊಂದುತ್ತದೆಯೇ ಎಂದು ತಿಳಿಯುತ್ತದೆ. ಕಳವಾದ ಹಕ್ಕಿ ಸಿಕ್ಕಾಗ ಅದರ ಉಂಗುರ ಕತ್ತರಿಸಿದ್ದರೂ ಹಳೆಯ ಮಾದರಿ ಇದ್ದರೆ ಒಡೆಯ ತನ್ನ ಹಕ್ಕನ್ನು ಸಾಧಿಸಬಹುದು. ಆದರೆ ಈ ಪರೀಕ್ಷೆಗೆ ಎರಡೂ ಕಡೆಯ ಮಾದರಿ ಬೇಕು. ಮಾದರಿ ಉಳಿಸದೆ ಸತ್ತುಹೋದ ಅಜ್ಜ-ಮುತ್ತಜ್ಜಂದಿರ ವಿಷಯದಲ್ಲಿ ಪುಸ್ತಕದ ಮಾತೇ ಕೊನೆ. ತಂದೆ-ತಾಯಿಯ ಸಾಲಿಗೆ ಪ್ರಯೋಗಾಲಯದ ಮುದ್ರೆ ಬಿದ್ದಿದೆ ಎಂದು ಇಡೀ ಹಾಳೆಯೇ ರುಜುವಾತಾಯಿತು ಎಂದು ತಿಳಿಯಬಾರದು.

ಇನ್ನು 'ಗೆಲ್ಲುವ ಜೀನ್' ಎಂಬ ಮಾತು. ರೇಸಿಂಗ್ ಪಾರಿವಾಳ ಮತ್ತು ಇತರ ಪಾರಿವಾಳಗಳ ಜೀನ್‌ಗಳನ್ನು ಹೋಲಿಸಿದ ಒಂದು ಅಂತಾರಾಷ್ಟ್ರೀಯ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನರ ಮತ್ತು ಸ್ನಾಯು ಕೂಡುವಲ್ಲಿ ಕೆಲಸ ಮಾಡುವ ಒಂದು ಜೀನ್ ಬಳಿ ಆಯ್ಕೆಯ ಬಲವಾದ ಗುರುತು ಅಲ್ಲಿ ಕಂಡುಬಂತು. ಆದರೆ ರೇಸಿಂಗ್ ಹಕ್ಕಿಯಲ್ಲಿ ಮಾತ್ರ ಇದ್ದು ಬೇರೆ ತಳಿಯಲ್ಲಿ ಇಲ್ಲದ, ಗೆಲುವಿಗೆ ಬೇಕೇ ಬೇಕಾದ ಒಂದೇ ಒಂದು ಬದಲಾವಣೆಯೂ ಸಿಗಲಿಲ್ಲ. ವೇಗ, ತಾಳಿಕೆ, ದಾರಿ ಹುಡುಕುವ ಶಕ್ತಿ ಇವೆಲ್ಲ ನೂರಾರು ಸಣ್ಣ ಪಾಲುಗಳು ಕೂಡಿ ಬರುವ ಗುಣಗಳು. ಆ ಪಾಲುಗಳು ತಳಿ ಹುಟ್ಟುವಾಗ ಬೆರೆತ ಹಳೆಯ ಪಾರಿವಾಳಗಳಲ್ಲಿ ಮೊದಲೇ ಇದ್ದವು ಎಂಬುದು ಆ ವಿಜ್ಞಾನಿಗಳ ತೀರ್ಮಾನ.

ಆದ್ದರಿಂದಲೇ ಒಂದೇ ತಂದೆ-ತಾಯಿಯ ಎರಡು ಮರಿಗಳಲ್ಲಿ ಒಂದು ದೇಶಕ್ಕೇ ಮೊದಲು ಬರಬಹುದು, ಇನ್ನೊಂದು ಮನೆಗೇ ಬಾರದೆ ಹೋಗಬಹುದು. ಯಾವುದು ಯಾವುದೆಂದು ತಿಳಿಯುವುದು ಬುಟ್ಟಿಯಲ್ಲಿ ಕಳುಹಿಸಿ ಹಾರಿಸಿದಾಗ ಮಾತ್ರ. ಎಲ್ಲ ಹಕ್ಕಿಗಳನ್ನು ಒಂದೇ ಜಾಗದಿಂದ ಬಿಟ್ಟರೂ ಪ್ರತಿಯೊಬ್ಬರ ಗೂಡಿನ ದೂರ ಬೇರೆ. ಅದಕ್ಕಾಗಿ ನಿಮಿಷಕ್ಕೆ ಎಷ್ಟು ಮೀಟರ್ ಎಂಬ ವೇಗದ ಮೇಲೆ ಸ್ಥಾನ ನಿರ್ಧಾರ. 30 ಹಕ್ಕಿಗಳ ನಡುವಿನ ಮೊದಲ ಸ್ಥಾನಕ್ಕಿಂತ 10,000 ಹಕ್ಕಿಗಳ ನಡುವಿನ ಐವತ್ತನೇ ಸ್ಥಾನ ದೊಡ್ಡದು. ವಂಶಾವಳಿಯಲ್ಲಿ 'ಪ್ರಥಮ' ಎಂಬ ಪದ ಕಂಡಾಗ ಎಷ್ಟು ಹಕ್ಕಿಗಳಲ್ಲಿ ಎಂದು ಕೇಳುವುದು ಜಾಣತನ.

ಭಾರತಕ್ಕೂ ಬಂದ ನೆತ್ತರು

ಈ ನೆತ್ತರು ನಮ್ಮ ದೇಶಕ್ಕೂ ಹೊಸದಲ್ಲ. ಒಡಿಶಾ ಪೊಲೀಸ್ ಇಲಾಖೆಯ ಪಾರಿವಾಳ ಅಂಚೆ 1946ರಲ್ಲಿ ಸೈನ್ಯದಿಂದ ಪಡೆದ 200 ಹಕ್ಕಿಗಳಿಂದ ಆರಂಭವಾಯಿತು. ಅಲ್ಲಿ ಸಾಕಿದ್ದು ಬೆಲ್ಜಿಯನ್ ಹೋಮರ್ ತಳಿ. 1948ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಸಂಬಲ್ಪುರದಿಂದ ಕಟಕ್‌ಗೆ ಕಳುಹಿಸಿದ ಸಂದೇಶವನ್ನು ಒಯ್ದದ್ದು ಇದೇ ಪಾರಿವಾಳ. 1982ರ ನೆರೆ ಮತ್ತು 1999ರ ಮಹಾ ಚಂಡಮಾರುತದಲ್ಲಿ ಸಂಪರ್ಕ ಕಡಿದಾಗಲೂ ಇವು ಕೆಲಸಕ್ಕೆ ಬಂದವು. ಸಂದೇಶ ಸೇವೆ ನಿಂತ ಮೇಲೂ ಪರಂಪರೆಯ ನೆನಪಿಗಾಗಿ ಹಕ್ಕಿಗಳನ್ನು ಉಳಿಸಿಕೊಳ್ಳಲಾಗಿದೆ. ಚೆನ್ನೈ ಮತ್ತು ಬೆಂಗಳೂರಿನ ಮಹಡಿಗಳ ಮೇಲೆ ಇಂದು ರೇಸಿಂಗ್ ಪಾರಿವಾಳ ಸಾಕುವ ಹವ್ಯಾಸಿಗಳ ಬಾಯಲ್ಲೂ ಯಾನ್ಸನ್ ಮುಂತಾದ ಬೆಲ್ಜಿಯಂ ಹೆಸರುಗಳೇ ಕೇಳಿಬರುತ್ತವೆ. ದೊಡ್ಡ ಮೊತ್ತ ಕೊಟ್ಟು 'ಅಪ್ಪಟ' ಹಕ್ಕಿ ಕೊಳ್ಳುವ ಮೊದಲು ನಾಲ್ಕು ವಿಷಯ ನೋಡಿಕೊಂಡರೆ ನಷ್ಟ ತಪ್ಪೀತು: ಪ್ರತಿ ಹಿರಿಯನ ಹೆಸರಿನ ಮುಂದೆ ಉಂಗುರದ ಸಂಖ್ಯೆ ಇದೆಯೇ, ಒಡೆತನದ ಕಾರ್ಡಿನ ಸಂಖ್ಯೆ ಹಕ್ಕಿಯ ಕಾಲಿನ ಸಂಖ್ಯೆಗೆ ಹೊಂದುತ್ತದೆಯೇ, ತಂದೆ-ತಾಯಿಗೆ ಡಿ.ಎನ್.ಎ. ಸಾಕ್ಷಿ ಇದೆಯೇ, ದೊಡ್ಡ ಹೆಸರು ಎಷ್ಟನೇ ತಲೆಮಾರಿನಲ್ಲಿದೆ.

ಗೂಡು ಬರಿದಾಗುತ್ತಿರುವ ತವರು

ಬೆಲ್ಜಿಯಂನಲ್ಲಿ ಪಾರಿವಾಳ ಸಾಕಣೆ ಬೆಳೆದದ್ದು ಗಣಿ ಕಾರ್ಮಿಕರು, ನೇಕಾರರು, ಸಣ್ಣ ರೈತರ ಹಿತ್ತಲಿನಲ್ಲಿ. ಕುದುರೆ ಸಾಕಲಾಗದವನ ರೇಸ್ ಕುದುರೆ ಅದು. ಭಾನುವಾರ ಆಕಾಶ ನೋಡುತ್ತಾ ಕುಳಿತುಕೊಳ್ಳುವುದು ಅವರ ವಾರದ ಹಬ್ಬ. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಲಕ್ಷಗಟ್ಟಲೆ ಇದ್ದ ಸಾಕಣೆದಾರರ ಸಂಖ್ಯೆ ಈಗ ಸಾವಿರಗಳ ಮಟ್ಟಕ್ಕೆ ಇಳಿದಿದೆ. ಮಕ್ಕಳಿಗೆ ಬೇರೆ ಉದ್ಯೋಗ, ಬೇರೆ ಹವ್ಯಾಸ. ಯಜಮಾನ ತೀರಿಕೊಂಡಾಗ ಅಥವಾ ಕೈಲಾಗದೆ ಹೋದಾಗ ಇಡೀ ಗೂಡು ಹರಾಜಿಗೆ ಬರುತ್ತದೆ. 2013ರಲ್ಲಿ ಹೆರೆಮಾನ್ಸ್ ಅವರ ಗೂಡಿನ ಹಕ್ಕಿಗಳು ಒಟ್ಟು ಸುಮಾರು 43 ಲಕ್ಷ ಯುರೋ ತಂದವು. ಹಣ ಬಂತು, ಆದರೆ ಒಂದೇ ಕೈ, ಒಂದೇ ಕಣ್ಣು ದಶಕಗಳ ಕಾಲ ಆಯ್ದ ಸಾಲು ಅಲ್ಲಿಗೆ ಹತ್ತಾರು ಊರುಗಳಿಗೆ ಚದುರಿತು.

ನೆತ್ತರು ಚೀನಾಕ್ಕೆ ಹೋಗಬಹುದು, ಮರಿಗಳು ಅಲ್ಲಿ ಗೆಲ್ಲಲೂಬಹುದು. ಆದರೆ ಆರೆಂಡೋಂಕ್‌ನ ಸಹೋದರರು ಹಕ್ಕಿಗೆ ಇಟ್ಟದ್ದು ತಮ್ಮ ಕುಲದ ಹೆಸರನ್ನಲ್ಲ. ಅಂಜುಬುರುಕ, ಕೆಂಬಣ್ಣದವನು, ಅರ್ಧ ಫಾಬ್ರಿ ಎಂದು ಕಂಡದ್ದನ್ನು ಕಂಡಂತೆ ಬರೆದರು. ಯಾನ್ಸನ್ ಎಂಬ ಹೆಸರನ್ನು ದೊಡ್ಡದು ಮಾಡಿದ್ದು ಆ ಪ್ರಾಮಾಣಿಕ ಬರಹ ಮತ್ತು ಸೋತ ಹಕ್ಕಿಯನ್ನು ಸೋತಿತು ಎಂದೇ ಒಪ್ಪಿಕೊಂಡ ಆಯ್ಕೆ. ವಂಶಾವಳಿ ಪತ್ರವನ್ನು ಹಣ ಕೊಟ್ಟು ಕೊಳ್ಳಬಹುದು. ಮುಂದಿನ ಸಾಲನ್ನು ಅಷ್ಟೇ ಸತ್ಯವಾಗಿ ಬರೆಯುವ ಜವಾಬ್ದಾರಿ ಮಾತ್ರ ಕೊಂಡವನದು.